ಮೋಟಾರ್ ಸೈಕಲ್ಲಿನ ಹಿಂಬದಿ ದೀಪಗಳು: ಬ್ರೇಕ್ ಲೈಟ್, ಇಂಡಿಕೇಟರ್ ಮತ್ತು ಅವುಗಳ ವೈರಿಂಗ್

ಮೋಟಾರ್ ಸೈಕಲ್ಲಿನ ಹಿಂಬದಿಯ ದೀಪಗಳು ಒಂದೊಂದು ಸುದ್ದಿ ಹೇಳುತ್ತವೆ. ಕತ್ತಲಲ್ಲಿ ಗಾಡಿ ಇಲ್ಲಿದೆ ಎನ್ನಲು ಮಂದ ಕೆಂಪಿನ ಟೇಲ್ ಲೈಟ್, ವೇಗ ತಗ್ಗುತ್ತಿದೆ ಎನ್ನಲು ಅದಕ್ಕಿಂತ ಪ್ರಖರವಾದ ಬ್ರೇಕ್ ಲೈಟ್, ತಿರುಗುವ ದಿಕ್ಕು ಹೇಳಲು ಎಡಬಲದಲ್ಲಿ ಎರಡು ಇಂಡಿಕೇಟರ್. ಇವುಗಳಲ್ಲಿ ಯಾವುದೂ ಸವಾರನ ಕಣ್ಣಿಗೆ ಬೀಳುವುದಿಲ್ಲ. ಹೆಡ್‌ಲೈಟ್ ಕೆಟ್ಟರೆ ಅವನಿಗೇ ದಾರಿ ಕಾಣದು, ಹಾರ್ನ್ ಕೆಟ್ಟರೆ ಅವನ ಕಿವಿಗೇ ಗೊತ್ತಾಗುತ್ತದೆ. ಹಿಂದಿನ ದೀಪ ಕೆಟ್ಟು ತಿಂಗಳಾದರೂ ಗಾಡಿ ಎಂದಿನಂತೆ ಓಡುತ್ತಲೇ ಇರುತ್ತದೆ. ಗಾಡಿಯ ವಿದ್ಯುತ್ ಕೆಲಸಗಳಲ್ಲೆಲ್ಲ ಹಿಂಬದಿಯದೇ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದು ಇದೇ ಕಾರಣಕ್ಕೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನಲ್ಲಿ ಈ ಅಲಕ್ಷ್ಯದ ಬೆಲೆ ದೊಡ್ಡದು. ಸುತ್ತಲೂ ಎರೆ ಹೊಲ. ಮೆಣಸಿನಕಾಯಿ, ಹತ್ತಿ, ಶೇಂಗಾ, ಹೆಸರು, ಕಡಲೆ, ಜೋಳದ ಬೆಳೆ. ಮೋಟಾರ್ ಸೈಕಲ್ ಇಲ್ಲಿ ಸವಾರಿಗಷ್ಟೇ ಅಲ್ಲ, ಸಾಗಾಟಕ್ಕೂ ಬೇಕು. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಎಣ್ಣೆ ಹೊಡೆಯುವ ಪಂಪು, ಸಂಜೆ ಕಣಕಿಯ ಹೊರೆ. ಹೊಲದಿಂದ ಊರಿಗೆ, ಊರಿನಿಂದ ಕುಂದಗೋಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಹೋಗಿಬರುವ ಗಾಡಿ ದಿನವೂ ಕೆಸರಿನ ದಾರಿ ಮತ್ತು ಡಾಂಬರು ರಸ್ತೆ ಎರಡನ್ನೂ ತುಳಿಯಬೇಕು. ಆ ಡಾಂಬರು ರಸ್ತೆಯಲ್ಲಿ ಅದರ ಬೆನ್ನಿಗೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳಿರುತ್ತವೆ.

ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಸಾವುಗಳಲ್ಲಿ ಮೂರರಲ್ಲಿ ಎರಡು ಪಾಲು ಸಂಭವಿಸಿದ್ದು ಹಳ್ಳಿಗಾಡಿನಲ್ಲಿ. ಅದೇ ವರ್ಷದ ಒಟ್ಟು ಅಪಘಾತಗಳಲ್ಲಿ ಶೇ. 21ರಷ್ಟು ಹಿಂದಿನಿಂದ ಬಂದು ಗುದ್ದಿದಂಥವು. ಇವಕ್ಕೆಲ್ಲ ದೀಪವೇ ಕಾರಣವೆಂದು ಹೇಳಲಾಗದು. ಆದರೆ ಮುಂದಿನವನು ಬ್ರೇಕ್ ಹಿಡಿದದ್ದು ಹಿಂದಿನವನಿಗೆ ತಿಳಿಯುವ ದಾರಿ ಆ ಕೆಂಪು ಬೆಳಕೊಂದೇ.

ಕಂದೀಲಿನಿಂದ ಎಲ್‌ಇಡಿವರೆಗೆ

ರಾತ್ರಿ ಪಯಣಕ್ಕೆ ಚಕ್ಕಡಿಯ ಅಡಿಯಲ್ಲಿ ಕಂದೀಲು ತೂಗುಬಿಡುವ ರೂಢಿ ಉತ್ತರ ಕರ್ನಾಟಕದಲ್ಲಿ ಬಹುಕಾಲ ಇತ್ತು. ಹಿಂದಿನಿಂದ ಬರುವವರಿಗೆ ಬಂಡಿ ಇದೆಯೆಂದು ತೋರಿಸುವ ಮಟ್ಟಿಗೆ ಅದೂ ಟೇಲ್ ಲೈಟೇ. ಮೋಟಾರು ವಾಹನ ಬಂದ ಮೇಲೆ ಇದೆ ಎಂದು ತೋರಿಸಿದರೆ ಸಾಲದಾಯಿತು, ಏನು ಮಾಡುತ್ತಿದೆ ಎಂದೂ ಹೇಳಬೇಕಾಯಿತು. ಮೊದಲ ದಶಕಗಳಲ್ಲಿ ಆ ಕೆಲಸ ಕೈಯದು: ಬಲಗೈ ಚಾಚಿದರೆ ಬಲಕ್ಕೆ, ಅಂಗೈ ಕೆಳಮುಖವಾಗಿ ಏರಿಳಿಸಿದರೆ ನಿಧಾನ. ಕೆನಡಾ ಮೂಲದ ಮೂಕಿಚಿತ್ರ ನಟಿ ಫ್ಲಾರೆನ್ಸ್ ಲಾರೆನ್ಸ್ 1914ರಲ್ಲಿ ತನ್ನ ಕಾರಿಗೆ ಗುಂಡಿ ಒತ್ತಿದರೆ ಏಳುವ ಸಂಕೇತದ ತೋಳನ್ನೂ ಬ್ರೇಕ್ ತುಳಿದರೆ ಹಿಂದೆ ಕಾಣುವ ‘ನಿಲ್ಲು’ ಫಲಕವನ್ನೂ ರೂಪಿಸಿಕೊಂಡಳು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಮಿನುಗುವ ವಿದ್ಯುತ್ ಇಂಡಿಕೇಟರನ್ನು ಅಮೆರಿಕದ ಬ್ಯೂಯಿಕ್ ಕಂಪನಿ ತನ್ನ 1939ರ ಕಾರುಗಳಿಗೆ ಕೊಟ್ಟಾಗ ಅದನ್ನು ಅಳವಡಿಸಿದ್ದು ಹಿಂಬದಿಗೆ ಮಾತ್ರ. ಮುಂದಿನ ಇಂಡಿಕೇಟರ್ ಬಂದದ್ದು ಆಮೇಲೆ. ಸಂಕೇತದ ಅಗತ್ಯ ಮೊದಲು ಯಾರಿಗೆ ಎಂಬುದು ಆಗಲೇ ಗೊತ್ತಿತ್ತು.

ಕರ್ನಾಟಕದಲ್ಲಿ ಮೋಟಾರ್ ಸೈಕಲ್ ತಯಾರಿಕೆ ಶುರುವಾದದ್ದು ಮೈಸೂರಿನ ಯಾದವಗಿರಿಯಲ್ಲಿ. ಫರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮಾದರಿಯನ್ನೂ ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಮೊದಮೊದಲ ಜಾವಾಗಳಿಗೆ ಇಂಡಿಕೇಟರ್ ಇರಲಿಲ್ಲ. ಹಿಂದೆ ಒಂದು ಕೆಂಪು ದೀಪ, ಉಳಿದದ್ದು ಕೈಸನ್ನೆ. ವಿದ್ಯುತ್ತು 6 ವೋಲ್ಟಿನದು. ವೋಲ್ಟೇಜ್ ಅರ್ಧವಾದರೆ ಅಷ್ಟೇ ವಾಟ್ ಬಲ್ಬಿಗೆ ಇಮ್ಮಡಿ ಆಂಪಿಯರ್ ಹರಿಯಬೇಕು, ವೈರಿನಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಳೆಯ ಗಾಡಿಗಳ ಹಿಂದಿನ ದೀಪ ಮಂಕಾಗಿರುತ್ತಿದ್ದುದಕ್ಕೆ, ಒಂದು ಸಡಿಲ ಜೋಡಣೆಯಿಂದಲೇ ಆರಿಹೋಗುತ್ತಿದ್ದುದಕ್ಕೆ ಈ ಲೆಕ್ಕವೇ ಕಾರಣ.

1985ರಲ್ಲಿ ಹೀರೊ ಹೊಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದವು. ತೊಂಬತ್ತರ ದಶಕದಲ್ಲಿ 12 ವೋಲ್ಟ್ ಮತ್ತು ನಾಲ್ಕು ಮೂಲೆಗೆ ನಾಲ್ಕು ಇಂಡಿಕೇಟರ್ ಎಲ್ಲ ಕಡೆ ರೂಢಿಯಾದವು. 2001ರಲ್ಲಿ ಬಂದ ಬಜಾಜ್ ಪಲ್ಸರಿಗೆ 2006ರ ಪರಿಷ್ಕರಣೆಯಲ್ಲಿ ಎಲ್‌ಇಡಿ ಟೇಲ್ ಲೈಟೂ ತಿರುವು ಮುಗಿದ ಮೇಲೆ ತಾನಾಗಿ ಆರುವ ಇಂಡಿಕೇಟರೂ ಸೇರಿದವು. ಕುಂದಗೋಳದ ರಸ್ತೆಗಳಲ್ಲಿ ಇಂದು ಓಡುವ ಕೆಎ 25, ಕೆಎ 63 ಸಂಖ್ಯೆಯ ಗಾಡಿಗಳಲ್ಲಿ ಬಲ್ಬಿನ ಮತ್ತು ಎಲ್‌ಇಡಿಯ ಎರಡು ತಲೆಮಾರುಗಳೂ ಇವೆ. ರಿಪೇರಿಗೆ ಕೈಹಾಕುವವರು ಮೊದಲು ತಮ್ಮ ಮುಂದಿರುವುದು ಯಾವ ತಲೆಮಾರಿನದು ಎಂದು ತಿಳಿದುಕೊಳ್ಳಬೇಕು.

ಕರೆಂಟು ಹರಿಯುವ ದಾರಿ

ಬ್ರೇಕ್ ಲೈಟಿನ ಸರ್ಕೀಟ್ ಸರಳ. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್, ಅಲ್ಲಿಂದ ಕೀಲಿಯ ಸ್ವಿಚ್, ಅಲ್ಲಿಂದ ಬ್ರೇಕ್ ಸ್ವಿಚ್, ಬಲ್ಬ್, ಕೊನೆಗೆ ಚಾಸಿಯ ಮೂಲಕ ಬ್ಯಾಟರಿಯ ಮೈನಸ್ಸು; ಕರೆಂಟು ಮರಳುವ ಈ ಕೊನೆಯ ದಾರಿಗೆ ಅರ್ಥ್ ಎನ್ನುತ್ತಾರೆ. ಬ್ರೇಕ್ ಸ್ವಿಚ್‌ಗಳು ಸಾಮಾನ್ಯವಾಗಿ ಎರಡು. ಮುಂದಿನದು ಹ್ಯಾಂಡಲಿನ ಲಿವರಿನ ಬುಡದಲ್ಲಿ, ಹಿಂದಿನದು ಪೆಡಲಿಗೆ ಸ್ಪ್ರಿಂಗ್‌ನಿಂದ ಕಟ್ಟಿದ್ದು. ಎರಡನ್ನೂ ಸಮಾಂತರವಾಗಿ ಜೋಡಿಸಿರುವುದರಿಂದ ಯಾವುದನ್ನು ಒತ್ತಿದರೂ ದೀಪ ಹೊತ್ತುತ್ತದೆ. ಪೆಡಲ್ ತುಳಿದಾಗ ದೀಪ ಬಂದು, ಲಿವರ್ ಹಿಡಿದಾಗ ಬಾರದಿದ್ದರೆ ಬಲ್ಬನ್ನೂ ಹಿಂದಿನ ವೈರನ್ನೂ ಮುಟ್ಟುವ ಅಗತ್ಯವೇ ಇಲ್ಲ; ತಪ್ಪು ಮುಂದಿನ ಸ್ವಿಚ್ಚಿನದು ಅಥವಾ ಅದರ ವೈರಿನದು. ಈ ಒಂದು ತರ್ಕ ತಿಳಿದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಟೇಲ್ ಲೈಟ್ ಮತ್ತು ಬ್ರೇಕ್ ಲೈಟ್ ಹೆಚ್ಚಿನ ಗಾಡಿಗಳಲ್ಲಿ ಒಂದೇ ಬಲ್ಬಿನೊಳಗಿನ ಎರಡು ಫಿಲಮೆಂಟ್. ಒಂದು 5 ವಾಟ್, ಇನ್ನೊಂದು ಗಾಡಿಗೆ ತಕ್ಕಂತೆ 10 ಅಥವಾ 21 ವಾಟ್. ಇಂಥ ಬಲ್ಬಿನ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ತಿರುವುಮುರುವಾಗಿ ಕೂರದಿರಲೆಂದೇ ಹಾಗೆ ಮಾಡಿರುತ್ತಾರೆ. ಒತ್ತಾಯದಿಂದ ತಿರುಗಿಸಿ ಕೂರಿಸಿದರೆ ಟೇಲ್ ಲೈಟ್ ಸದಾ ಬ್ರೇಕ್ ಲೈಟಿನ ಹಾಗೆ ಉರಿದು, ಬ್ರೇಕ್ ಹಿಡಿದಾಗ ಹೊಸದಾಗಿ ಏನೂ ಕಾಣದಂತಾಗುತ್ತದೆ.

ಇಂಡಿಕೇಟರಿನ ದಾರಿಯಲ್ಲಿ ಸ್ವಿಚ್ಚಿಗೆ ಮೊದಲು ಫ್ಲ್ಯಾಷರ್ ಬರುತ್ತದೆ. ಹಳೆಯ ಫ್ಲ್ಯಾಷರಿನೊಳಗೆ ಎರಡು ಲೋಹಗಳ ಪಟ್ಟಿ ಇರುತ್ತದೆ. ಕರೆಂಟು ಹರಿದಾಗ ಕಾಯ್ದು ಬಾಗುತ್ತದೆ, ಸಂಪರ್ಕ ತಪ್ಪಿ ತಣಿದಾಗ ಮತ್ತೆ ಕೂಡುತ್ತದೆ. ಬಲ್ಬುಗಳು ಎಳೆಯುವ ಕರೆಂಟೇ ಅದರ ಲಯವನ್ನು ತೀರ್ಮಾನಿಸುತ್ತದೆ. ಒಂದು ಬದಿಯ ಎರಡು ಹತ್ತು ವಾಟ್ ಬಲ್ಬು ಸೇರಿ 12 ವೋಲ್ಟಿನಲ್ಲಿ 1.7 ಆಂಪಿಯರಿನಷ್ಟು ಎಳೆಯುತ್ತವೆ. ಒಂದು ಬಲ್ಬ್ ಸುಟ್ಟರೆ ಕರೆಂಟು ಅರ್ಧಕ್ಕಿಳಿದು ಮಿನುಗು ಕೆಡುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷರುಗಳಲ್ಲಿ ಹಲವನ್ನು ಬಲ್ಬ್ ಹೋದಾಗ ಬೇಕೆಂದೇ ಜೋರಾಗಿ ಬಡಿಯುವಂತೆ ಮಾಡಿರುತ್ತಾರೆ. ಮುಂದಿನ ಡ್ಯಾಶಿನಲ್ಲಿ ಹಸಿರು ದೀಪ ಗಡಿಬಿಡಿಯಿಂದ ಬಡಿಯುತ್ತಿದ್ದರೆ ಹಿಂದೆ ಏನೋ ಆಗಿದೆ ಎಂದು ಸವಾರನಿಗೆ ಸಿಗುವ ಏಕೈಕ ಸುಳಿವು ಅದು.

ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಹೊಂಡಾ ಪದ್ಧತಿಯ ಗಾಡಿಗಳಲ್ಲಿ, ಅಂದರೆ ಹೀರೊ ಹೊಂಡಾಗಳಲ್ಲೂ, ಹಸಿರು ಅರ್ಥ್, ಕಿತ್ತಳೆ ಎಡ ಇಂಡಿಕೇಟರ್, ತಿಳಿನೀಲಿ ಬಲ ಇಂಡಿಕೇಟರ್, ಬೂದು ಫ್ಲ್ಯಾಷರಿನಿಂದ ಹೊರಡುವುದು, ಕಂದು ಟೇಲ್ ಲೈಟ್, ಹಸಿರಿನ ಮೇಲೆ ಹಳದಿ ಗೀಟು ಬ್ರೇಕ್ ಲೈಟ್. ಬಜಾಜ್ ಪಲ್ಸರಿನಲ್ಲಿ ಅರ್ಥ್ ಎಂದರೆ ಕಪ್ಪಿನ ಮೇಲೆ ಹಳದಿ ಗೀಟು. ಯಮಹಾದಲ್ಲಿ ಅರ್ಥ್ ಬರೀ ಕಪ್ಪು, ಬಲ ಇಂಡಿಕೇಟರ್ ಗಾಢ ಹಸಿರು, ಎಡದ್ದು ಚಾಕೊಲೇಟ್ ಬಣ್ಣ. ಹೀರೊ ಹೊಂಡಾದಲ್ಲಿ ಪಳಗಿದ ಕೈ ಯಮಹಾದ ಹಸಿರನ್ನು ಅರ್ಥ್ ಎಂದು ತಿಳಿದು ಚಾಸಿಗೆ ಕಟ್ಟಿದರೆ ಬಲಕ್ಕೆ ಸ್ವಿಚ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ. ಹಿಂದೆ ಒಮ್ಮೆ ರಿಪೇರಿಯಾದ ಗಾಡಿಯಲ್ಲಿ ಬಣ್ಣವನ್ನು ನಂಬುವುದೂ ಅಪಾಯ. ಅಂಗಡಿಯಲ್ಲಿ ಸಿಕ್ಕ ಕೆಂಪು ವೈರಿನ ತುಂಡೇ ಅರ್ಥ್ ಆಗಿ ಕೂತಿರಬಹುದು. ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದನ್ನೂ ನೋಡಿ ಖಚಿತ ಮಾಡಿಕೊಳ್ಳುವುದೇ ಸರಿ.

ಎರೆ ಮಣ್ಣು, ನೀರು, ಇಲಿ

ಹಿಂಬದಿಯ ದೀಪ ಕೆಟ್ಟಾಗ ಬಹುತೇಕರು ಬಲ್ಬ್ ಬದಲಿಸುತ್ತಾರೆ, ಮತ್ತೆ ಕೆಟ್ಟರೆ ಫ್ಲ್ಯಾಷರ್ ಬದಲಿಸುತ್ತಾರೆ. ಈ ಭಾಗದ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಅವೆರಡಲ್ಲ, ಅರ್ಥ್. ಎರೆ ಮಣ್ಣು ನೀರು ಹೀರಿ ಉಬ್ಬುವ ಜೇಡಿ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಬದಿ ತುಂಬುತ್ತದೆ, ಅಲ್ಲಿಂದ ಟೇಲ್ ಲೈಟಿನ ಬುಡಕ್ಕೂ ಇಂಡಿಕೇಟರಿನ ಕಾಂಡಕ್ಕೂ ನುಗ್ಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡೇ ಇರುತ್ತದೆ. ಇಂಡಿಕೇಟರಿನ ಕಬ್ಬಿಣದ ಕಾಂಡ, ಅದನ್ನು ಹಿಡಿದ ನಟ್ಟು, ಬಲ್ಬ್ ಹೋಲ್ಡರಿನ ತಗಡು ಇವೇ ಎಷ್ಟೋ ಗಾಡಿಗಳಲ್ಲಿ ಅರ್ಥಿನ ದಾರಿ. ಅವು ತುಕ್ಕು ಹಿಡಿದರೆ ಬಲ್ಬಿಗೆ ಕರೆಂಟು ಬರುತ್ತದೆ, ಮರಳಿ ಹೋಗಲು ದಾರಿ ಇರುವುದಿಲ್ಲ.

ದಾರಿ ಮುಚ್ಚಿದ ಕರೆಂಟು ಬೇರೆ ದಾರಿ ಹುಡುಕುತ್ತದೆ. ಎರಡು ಫಿಲಮೆಂಟಿನ ಬಲ್ಬಿಗೆ ಅರ್ಥ್ ತಪ್ಪಿದಾಗ ಬ್ರೇಕ್ ಫಿಲಮೆಂಟಿನ ಕರೆಂಟು ಟೇಲ್ ಫಿಲಮೆಂಟಿನೊಳಗಿಂದ ಹಿಂದಕ್ಕೆ ಹರಿದು, ಅದೇ ವೈರಿಗೆ ಸೇರಿದ ಮೀಟರಿನ ದೀಪದ ಮೂಲಕ ಹೊರಬೀಳುತ್ತದೆ. ಬ್ರೇಕ್ ತುಳಿದರೆ ಮೀಟರಿನೊಳಗೆ ಮಿಣುಕು ಬೆಳಕು, ಹಿಂದೆ ದೀಪ ಮಂಕು. ಟೇಲ್ ಲೈಟೂ ಇಂಡಿಕೇಟರೂ ಒಂದೇ ಅರ್ಥ್ ವೈರ್ ಹಂಚಿಕೊಂಡ ಕಡೆ ಆ ವೈರ್ ಕಡಿದರೆ ಇಂಡಿಕೇಟರಿನ ಲಯಕ್ಕೆ ಟೇಲ್ ಲೈಟೂ ತಾಳ ಹಾಕುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೀಪ ಒಟ್ಟಿಗೆ ಮಿನುಗಿದರೆ ಬೇರೇನನ್ನೂ ಬಿಚ್ಚಬಾರದು. ಬ್ಯಾಟರಿಯ ಮೈನಸ್ಸಿನಿಂದ ಬಲ್ಬ್ ಹೋಲ್ಡರಿನ ಮೈಗೆ ಒಂದು ವೈರ್ ಮುಟ್ಟಿಸಿ ನೋಡಿದರೆ ಸಾಕು. ಎಲ್ಲವೂ ಸರಿಯಾಗಿ ಹೊತ್ತಿದರೆ ಕಾಯಿಲೆ ಅರ್ಥಿನದೇ.

ಮಲ್ಟಿಮೀಟರ್ ಇದ್ದರೆ ಇನ್ನೂ ನಿಖರವಾಗಿ ಹೇಳಬಹುದು. ಬ್ರೇಕ್ ಒತ್ತಿಹಿಡಿದು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೂ ಇನ್ನೊಂದು ಹೋಲ್ಡರಿನ ಮೈಗೂ ಇಟ್ಟರೆ ವೋಲ್ಟ್ ಸೊನ್ನೆಯ ಹತ್ತಿರವೇ ಇರಬೇಕು. ಒಂದು, ಎರಡು ವೋಲ್ಟ್ ತೋರಿಸಿದರೆ ಅಷ್ಟು ವೋಲ್ಟ್ ಬಲ್ಬಿಗೆ ಸಿಗದೆ ತುಕ್ಕಿನಲ್ಲಿ ಕಳೆದುಹೋಗುತ್ತಿದೆ ಎಂದರ್ಥ. ಪ್ಲಸ್ ಬದಿಯನ್ನೂ ಹೀಗೆಯೇ ನೋಡಬಹುದು. ಬಲ್ಬ್ ಬಿಚ್ಚಿಟ್ಟು ಬರೀ ಹೋಲ್ಡರಿನಲ್ಲಿ ವೋಲ್ಟ್ ಅಳೆಯುವುದು ಮೋಸದ ಪರೀಕ್ಷೆ. ಒಂದೇ ಎಳೆ ಉಳಿದ ವೈರಿನಲ್ಲೂ ಕರೆಂಟು ಹರಿಯದಿದ್ದಾಗ ಪೂರ್ತಿ 12 ವೋಲ್ಟ್ ಕಾಣುತ್ತದೆ.

ಅರ್ಥ್ ಬಿಟ್ಟರೆ ವೈರ್ ಕಡಿಯುವ ಜಾಗಗಳು ಕೆಲವೇ. ಹ್ಯಾಂಡಲ್ ತಿರುಗುವಾಗ ವೈರಿಂಗ್ ಮಡಚಿಕೊಳ್ಳುವ ಕುತ್ತಿಗೆ, ಸೀಟಿನ ತಗಡು ವೈರನ್ನು ಚಾಸಿಗೆ ಒತ್ತುವ ಅಂಚು, ಹಿಂದಿನ ಮಡ್‌ಗಾರ್ಡಿನ ತೂತು. ಗಾಡಿಯನ್ನು ದನದ ಮನೆಯ ಪಕ್ಕ ಅಥವಾ ಕಾಳಿನ ಚೀಲಗಳ ನಡುವೆ ನಿಲ್ಲಿಸುವ ಮನೆಗಳಲ್ಲಿ ಸೀಟಿನಡಿ ಇಲಿಯದೂ ಒಂದು ಪಾಲು. ಹೊರಗಿನ ರಬ್ಬರು ಕಡಿದ ವೈರ್ ಬೇಸಿಗೆಯಲ್ಲಿ ಏನೂ ಆಗದಂತೆ ಕೆಲಸ ಮಾಡಿ, ಮೊದಲ ಮಳೆಗೆ ಶಾರ್ಟ್ ಆಗುತ್ತದೆ.

ಪೆಡಲಿನ ಸ್ವಿಚ್ಚಿನ ಸಮಸ್ಯೆ ಬೇರೆ ಬಗೆಯದು. ಸ್ಪ್ರಿಂಗ್ ಉದುರಿಹೋದಾಗ ಅದರ ಜಾಗಕ್ಕೆ ಬೈಂಡಿಂಗ್ ತಂತಿ ಬಿಗಿಯುವ ಉಪಾಯ ಎಲ್ಲ ಕಡೆ ಇದೆ. ತಂತಿ ತುಸು ಬಿಗಿಯಾದರೆ ದೀಪ ಸದಾ ಹೊತ್ತಿರುತ್ತದೆ. ಹಿಂದಿನ ಲಾರಿಯವನಿಗೆ ಈ ಗಾಡಿ ಯಾವಾಗಲೂ ಬ್ರೇಕ್ ಹಿಡಿದೇ ಇದೆ, ಅಂದರೆ ಯಾವಾಗ ಹಿಡಿಯಿತೆಂದು ಎಂದಿಗೂ ತಿಳಿಯದು. ದೀಪವೇ ಇಲ್ಲದ್ದಕ್ಕಿಂತ ಇದೇನೂ ಮೇಲಲ್ಲ. ಬ್ಯಾಟರಿಗೂ ಕುತ್ತು: ಎಂಜಿನ್ ನಿಲ್ಲಿಸಿ ಕೀಲಿ ಆನ್ ಬಿಟ್ಟರೆ ಹತ್ತು ವಾಟಿನ ಬ್ರೇಕ್ ಬಲ್ಬು 2.5 ಆಂಪಿಯರ್-ಅವರ್ ಬ್ಯಾಟರಿಯನ್ನು ಮೂರು ತಾಸಿನಲ್ಲಿ ಖಾಲಿ ಮಾಡುತ್ತದೆ. ಸರಿಯಾದ ಹೊಂದಾಣಿಕೆಯಲ್ಲಿ ಪೆಡಲಿನ ಆರಂಭದ ಸಡಿಲು ಮುಗಿದು ಲೈನರ್ ಹಿಡಿಯುವ ಹೊತ್ತಿಗೆ ದೀಪ ಬರಬೇಕು. ಹೊಂದಿಸುವಾಗ ಸ್ವಿಚ್ಚಿನ ಮೈಯನ್ನು ಗಟ್ಟಿಯಾಗಿ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು. ಮೈಯೇ ತಿರುಗಿದರೆ ಒಳಗೆ ವೈರ್ ಮುರಿಯುತ್ತದೆ.

ಹೊಸದಾಗಿ ವೈರ್ ಎಳೆಯುವುದು

ಹಿಂಬದಿಯ ವೈರಿಂಗ್ ಎರಡು ಮೂರು ಕಡೆ ಹಾಳಾಗಿದ್ದರೆ ತುಂಡು ತುಂಡಾಗಿ ತೇಪೆ ಹಾಕುವುದಕ್ಕಿಂತ ಸೀಟಿನಡಿಯ ಕಪ್ಲರಿನಿಂದ ದೀಪದವರೆಗೆ ಐದು ಹೊಸ ವೈರ್ ಎಳೆಯುವುದೇ ಲೇಸು: ಟೇಲ್, ಬ್ರೇಕ್, ಎಡ, ಬಲ, ಅರ್ಥ್. ಐದನೆಯದನ್ನು ಉಳಿಸಲು ಹೋಗಬಾರದು. ಚಾಸಿಯನ್ನು ನಂಬದೆ ಪ್ರತಿ ಇಂಡಿಕೇಟರಿನ ಕಾಂಡಕ್ಕೂ ಬಲ್ಬ್ ಹೋಲ್ಡರಿಗೂ ಪ್ರತ್ಯೇಕ ಅರ್ಥ್ ವೈರ್ ಕೊಟ್ಟು ಬ್ಯಾಟರಿಯ ಮೈನಸ್ಸಿಗೆ ಸೇರಿಸಿದರೆ ಎರೆ ಮಣ್ಣಿನ ಊರಿನಲ್ಲಿ ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ತಪ್ಪುತ್ತದೆ. ಕಂಪನಿಯಿಂದಲೇ ಹೀಗೆ ಬಂದ ಗಾಡಿಗಳೂ ಇವೆ. ಬರದ ಗಾಡಿಗೆ ನಾವೇ ಹಾಕಬೇಕು.

ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ವೈರ್ ವಾಹನಕ್ಕೆಂದೇ ಬರುವ, ಸಣ್ಣ ಎಳೆಗಳ ಮೆತ್ತಗಿನದಾಗಿರಬೇಕು; 0.5 ಚದರ ಮಿಲಿಮೀಟರಿನದು ಈ ದೀಪಗಳಿಗೆ ಸಾಕು, ಅರ್ಥಿಗೆ ಸ್ವಲ್ಪ ದಪ್ಪ ಒಳ್ಳೆಯದು. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ತಾಮ್ರದ ಕಡ್ಡಿಯ ವೈರ್ ಗಾಡಿಯ ನಡುಕಕ್ಕೆ ಬಹುಕಾಲ ತಾಳುವುದಿಲ್ಲ. ಹೊಸ ವೈರನ್ನು ಸ್ಲೀವಿನೊಳಗೆ ಸೇರಿಸಿ, ಗಾಲಿಯಿಂದ, ಸೈಲೆನ್ಸರಿನಿಂದ, ಶಾಕ್ ಅಬ್ಸಾರ್ಬರಿನಿಂದ ದೂರ ಕಟ್ಟಬೇಕು. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರಿನ ಬಳೆ ಇರಲೇಬೇಕು.

ಜೋಡಣೆಯಲ್ಲೇ ಕೈಯ ಗುಣ ಗೊತ್ತಾಗುವುದು. ಎರಡು ತುದಿ ಹೊಸೆದು ಟೇಪ್ ಸುತ್ತುವುದು ಎಲ್ಲರೂ ಮಾಡುವ ಕೆಲಸ. ಬಿಸಿಲಿಗೆ ಟೇಪಿನ ಅಂಟು ಕರಗಿ, ಒಳಗೆ ನೀರಿಳಿದು, ತಾಮ್ರ ಹಸಿರುಗಟ್ಟಿ ಒಂದೆರಡು ಮಳೆಗಾಲದೊಳಗೆ ಅದು ಮತ್ತೆ ಕಡಿಯುತ್ತದೆ. ಬೆಸುಗೆ ಹಾಕಿದರೆ ಸಂಪರ್ಕ ಚೆನ್ನಾಗಿರುತ್ತದೆ, ಆದರೆ ಸೀಸ ಹೀರಿ ಗಟ್ಟಿಯಾದ ಭಾಗ ಮತ್ತು ಮೆತ್ತಗಿನ ಭಾಗ ಸೇರುವಲ್ಲಿ ನಡುಕಕ್ಕೆ ಎಳೆಗಳು ಮುರಿಯುತ್ತವೆ. ಬೆಸೆದ ಜಾಗ ಅಲ್ಲಾಡದಂತೆ ಕಟ್ಟಿದ್ದರೆ ಮಾತ್ರ ಅದು ಬಾಳುತ್ತದೆ. ಸರಿಯಾದ ಇಕ್ಕಳದಿಂದ ಒತ್ತಿದ ಬುಲೆಟ್ ಕನೆಕ್ಟರು, ಅದರ ಮೇಲೆ ಬಿಸಿಗೆ ಕುಗ್ಗುವ ತೋಳು, ಒಳಗೆ ತುಸು ಗ್ರೀಸು: ಹಿಂಬದಿಗೆ ಇದೇ ಯೋಗ್ಯ. ಮುಂದೆ ಬಲ್ಬ್ ಹೋಲ್ಡರ್ ಬದಲಿಸುವಾಗ ವೈರ್ ಕತ್ತರಿಸುವ ಗೋಜೂ ಇರುವುದಿಲ್ಲ. ಕೊನೆಗೆ ಫ್ಯೂಸ್. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿಯ ಎಳೆ ಸುತ್ತಿದ ಗಾಡಿಯಲ್ಲಿ ಮುಂದಿನ ಶಾರ್ಟ್‌ಗೆ ಸುಡುವುದು ಇಡೀ ವೈರಿಂಗ್ ಕಿಟ್.

ಈ ಕೆಲಸ ಕಲಿಯಲು ಈಗ ಗ್ಯಾರೇಜಿನ ಗುರುಕುಲವೊಂದೇ ದಾರಿಯಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಧಾರವಾಡಕ್ಕೂ ಬಂದಿದೆ. ಅದರ ಮಾದರಿಯಲ್ಲೇ ದೇಶದಾದ್ಯಂತ ಹುಟ್ಟಿದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ದ್ವಿಚಕ್ರ ವಾಹನ ರಿಪೇರಿಯೂ ಒಂದು ಪಾಠ. ಕುಂದಗೋಳ, ಸಂಶಿ, ಗುಡಗೇರಿಯಂಥ ಊರುಗಳಲ್ಲಿ ಎಂಜಿನ್ ಇಳಿಸಬಲ್ಲ ಕೈಗಳಿಗೆ ಬರವಿಲ್ಲ. ಮೀಟರ್ ಹಿಡಿದು ವೈರಿಂಗ್ ಓದಬಲ್ಲವರು ಇನ್ನೂ ಹೆಚ್ಚಬೇಕು.

ಎಲ್‌ಇಡಿ ಹಾಕುವಾಗ

ಎಲ್‌ಇಡಿಯ ಲಾಭ ಕರೆಂಟಿನ ಉಳಿತಾಯದಲ್ಲಷ್ಟೇ ಇಲ್ಲ. ಫಿಲಮೆಂಟ್ ಕಾಯ್ದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಪಾಲು ಬೇಕು, ಎಲ್‌ಇಡಿ ಕರೆಂಟು ಬಂದ ಕ್ಷಣವೇ ಹೊತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂಬಾಲಿಸುವ ವಾಹನ ಅಷ್ಟು ಹೊತ್ತಿನಲ್ಲಿ 3.3 ಮೀಟರ್ ಮುಂದೆ ಬಂದಿರುತ್ತದೆ. ಹತ್ತು ಅಡಿಗೂ ಮಿಕ್ಕಿದ ಈ ಅಂತರ ಎಷ್ಟೋ ಸಲ ಜೀವದ ಅಂತರ.

ಆದರೆ ಬಲ್ಬಿಗೆಂದು ಮಾಡಿದ ಗಾಡಿಗೆ ಎಲ್‌ಇಡಿ ತುರುಕಿದಾಗ ಮೂರು ತೊಡಕು ಎದುರಾಗುತ್ತವೆ. ಮೊದಲನೆಯದು ಫ್ಲ್ಯಾಷರಿನದು: ಒಂದೆರಡು ವಾಟ್ ಎಳೆಯುವ ಎಲ್‌ಇಡಿ ಹಳೆಯ ಫ್ಲ್ಯಾಷರಿಗೆ ಸುಟ್ಟ ಬಲ್ಬಿನಂತೆ ತೋರುತ್ತದೆ, ಮಿನುಗದೆ ನಿಲ್ಲುತ್ತದೆ ಅಥವಾ ಅತಿವೇಗದಲ್ಲಿ ಬಡಿಯುತ್ತದೆ. ಪರಿಹಾರಕ್ಕೆ ರೆಸಿಸ್ಟರ್ ಜೋಡಿಸುವವರಿದ್ದಾರೆ. ಉಳಿಸಿದ ಕರೆಂಟನ್ನು ಶಾಖವಾಗಿ ಸುಡುವ ಆ ದಾರಿಗಿಂತ ಲೋಡನ್ನು ಲೆಕ್ಕಿಸದ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕುವುದೇ ಸರಿ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಪ್ರತ್ಯೇಕ ಫ್ಲ್ಯಾಷರೇ ಇರುವುದಿಲ್ಲ, ಮಿನುಗಿಸುವ ಕೆಲಸ ಮೀಟರಿನೊಳಗೆ ನಡೆಯುತ್ತದೆ.

ಎರಡನೆಯದು ಇನ್ನೂ ತಲೆ ಕೆಡಿಸುವಂಥದು. ಡ್ಯಾಶಿನಲ್ಲಿ ಇಂಡಿಕೇಟರಿಗೆ ಒಂದೇ ಸೂಚಕ ದೀಪವಿರುವ ಗಾಡಿಗಳಲ್ಲಿ ಅದನ್ನು ಎಡ ಮತ್ತು ಬಲದ ವೈರುಗಳ ನಡುವೆ ಸೇತುವೆಯಂತೆ ಕಟ್ಟಿರುತ್ತಾರೆ. ಎಡಕ್ಕೆ ಒತ್ತಿದಾಗ ಅದರ ಕರೆಂಟು ಬಲದ ತಣ್ಣನೆಯ ಬಲ್ಬುಗಳೊಳಗಿಂದ ಅರ್ಥ್ ಸೇರುತ್ತದೆ. ಅಷ್ಟು ಸಣ್ಣ ಕರೆಂಟಿಗೆ ಹತ್ತು ವಾಟಿನ ಬಲ್ಬ್ ಹೊತ್ತದು, ಎಲ್‌ಇಡಿ ಹೊತ್ತಿಬಿಡುತ್ತದೆ. ನಾಲ್ಕೂ ಒಟ್ಟಿಗೆ ಮಿನುಗಿ ದಿಕ್ಕೇ ತಿಳಿಯದಂತಾಗುತ್ತದೆ. ಸೂಚಕ ದೀಪದ ಒಂದು ತುದಿಯನ್ನು ಅರ್ಥಿಗೆ ಕೊಟ್ಟು, ಇನ್ನೊಂದು ತುದಿಗೆ ಎಡದಿಂದಲೂ ಬಲದಿಂದಲೂ ಒಂದೊಂದು ಡಯೋಡ್ ಮೂಲಕ ವೈರ್ ತಂದರೆ ಸರಿಹೋಗುತ್ತದೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ 1ಎನ್4007 ಡಯೋಡೇ ಸಾಕು.

ಮೂರನೆಯದು ಟೇಲ್ ಲೈಟಿನದು. ಹಳೆಯ ಗಾಡಿಗಳಲ್ಲಿ ಅನೇಕಕ್ಕೆ ಬ್ರೇಕ್, ಇಂಡಿಕೇಟರ್, ಹಾರ್ನ್ ಬ್ಯಾಟರಿಯಿಂದ ನಡೆದರೆ ಹೆಡ್‌ಲೈಟ್ ಮತ್ತು ಟೇಲ್ ಲೈಟ್ ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟಿನಿಂದ ನೇರವಾಗಿ ಹೊತ್ತುತ್ತವೆ. ಎಂಜಿನ್ ಆಫ್ ಆದರೆ ಅವೂ ಆಫ್. ಈ ವೈರಿಗೆ ಡಿಸಿಗೆಂದು ಮಾಡಿದ ಎಲ್‌ಇಡಿ ಹಾಕಿದರೆ ಅದು ನಡುಗುತ್ತದೆ ಇಲ್ಲವೇ ಬೇಗ ಸುಡುತ್ತದೆ. ಬಲ್ಬುಗಳು ಪದೇ ಪದೇ ಸುಡುತ್ತಿದ್ದರೂ ಅನುಮಾನಿಸಬೇಕಾದದ್ದು ಬಲ್ಬಿನ ಕಂಪನಿಯನ್ನಲ್ಲ, ವೋಲ್ಟೇಜ್ ಹಿಡಿತದಲ್ಲಿಡುವ ಆರ್.ಆರ್. (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ಟನ್ನು.

ಬಣ್ಣದ ಆಯ್ಕೆಯೂ ಮುಖ್ಯ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಬೆಳಕಿನ ಬಹುಪಾಲು ಗಾಜಿನಲ್ಲೇ ತಡೆದುಹೋಗುತ್ತದೆ; ಕೆಂಪಿಗೆ ಕೆಂಪು, ಹಳದಿಗೆ ಹಳದಿ ಹೊಂದಬೇಕು. ಕಪ್ಪು ಗಾಜಿನ ಟೇಲ್ ಲೈಟ್ ಹಗಲಿನಲ್ಲಿ ಬ್ರೇಕ್ ಬೆಳಕನ್ನೇ ನುಂಗುತ್ತದೆ.

ಕಾನೂನು ಹೇಳುವುದೇನು

1988ರ ಮೋಟಾರು ವಾಹನ ಕಾಯ್ದೆಯ 121ನೇ ಕಲಂ ಚಾಲಕ ಸಂಕೇತ ಕೊಡಲೇಬೇಕು ಎನ್ನುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೆಯದು ಇಂಡಿಕೇಟರಿನ ಬಣ್ಣ ಅಂಬರ್, ಮಿನುಗು ನಿಮಿಷಕ್ಕೆ 60ರಿಂದ 120 ಸಲ ಎಂದು ಗೊತ್ತುಮಾಡಿದೆ. ಹಿಂದಿನ ಇಂಡಿಕೇಟರನ್ನು ಕೆಂಪು ದೀಪದಲ್ಲೇ ಅಡಗಿಸುವ, ಅಮೆರಿಕದ ಗಾಡಿಗಳಲ್ಲಿ ಕಾಣುವ ಪದ್ಧತಿಗೆ ನಮ್ಮಲ್ಲಿ ಅವಕಾಶವಿಲ್ಲ. ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಕೆಟ್ಟ ವೈರನ್ನು ಹೊಸದಾಗಿ ಎಳೆದು, ಅದೇ ವಾಟಿನ ಬಲ್ಬನ್ನು ಅದೇ ಜಾಗದಲ್ಲಿ ಕೂರಿಸುವುದು ರಿಪೇರಿ. ಮಡ್‌ಗಾರ್ಡ್ ಕತ್ತರಿಸಿ, ಇಂಡಿಕೇಟರ್ ಕಿತ್ತು, ನೀಲಿ ಮಿಂಚುದೀಪ ಹಾಕುವುದು ಬೇರೆಯೇ ಮಾತು. ಪೊಲೀಸರ ಕಣ್ಣು ತಪ್ಪಿಸಿದರೂ ಅದು ಹಿಂದಿನವರ ಕಣ್ಣನ್ನು ದಾರಿ ತಪ್ಪಿಸುತ್ತದೆ.

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತುವಂತೆ ಆಗಿದೆ. ಎದುರಿನವರಿಗೆ ಕಾಣುವ ಏರ್ಪಾಡು ಹೀಗೆ ಸವಾರನ ಕೈಮೀರಿ ಖಾತ್ರಿಯಾಯಿತು. ಬೆನ್ನ ಹಿಂದಿನವರ ಪಾಲಿಗೆ ಮಾತ್ರ ಈಗಲೂ ಸವಾರನ ಎಚ್ಚರವೇ ಗತಿ. ದೀಪ, ವೈರ್ ಎಲ್ಲ ಸರಿಯಿದ್ದರೂ ಕಣಕಿಯ ಹೊರೆ ಟೇಲ್ ಲೈಟಿನ ಮೇಲೆ ಇಳಿಬಿದ್ದರೆ, ಹಾಲಿನ ಕ್ಯಾನು ಎಡ ಇಂಡಿಕೇಟರನ್ನು ಮುಚ್ಚಿದರೆ ಅವು ಇದ್ದೂ ಇಲ್ಲದಂತೆಯೇ. ಹೊರೆ ಕಟ್ಟಿದ ಮೇಲೆ, ಹೊಲದ ದಾರಿಯಿಂದ ಡಾಂಬರಿಗೆ ಏರುವ ಮುನ್ನ, ಜೊತೆಗಿರುವವರನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಲಿವರ್ ಹಿಡಿಯಿರಿ, ಪೆಡಲ್ ತುಳಿಯಿರಿ, ಎಡಕ್ಕೂ ಬಲಕ್ಕೂ ಸ್ವಿಚ್ ಒತ್ತಿ ಕೇಳಿ. ಯಾರೂ ಇಲ್ಲದಿದ್ದರೆ ಸಂಜೆ ಹೊತ್ತಿನಲ್ಲಿ ಗಾಡಿಯ ಬೆನ್ನನ್ನು ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ, ಕೆಂಪು ಹೆಚ್ಚಾಯಿತೇ ಎಂದು ತಿರುಗಿ ನೋಡಿ.